ಮುಖದ ಸುಕ್ಕಿಗೆ ಕೆಮಿಕಲ್ ಪೀಲ್: ಕೊಡಗಿನವರು ಯಾವುದನ್ನು ಆರಿಸಬೇಕು, ಯಾವಾಗ ಮಾಡಿಸಬೇಕು

ಮುಖದ ಸುಕ್ಕುಗಳನ್ನು ತಗ್ಗಿಸಿಕೊಳ್ಳಲು ಕೆಮಿಕಲ್ ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲಿನ ಪದರವನ್ನು ಸುಲಿಸುವ ಚಿಕಿತ್ಸೆ) ಮಾಡಿಸಬೇಕೆಂದು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಿಂದ ಚರ್ಮರೋಗ ತಜ್ಞರನ್ನು ಹುಡುಕಿಕೊಂಡು ಹೋಗುವವರು ಮೊದಲು ಕೇಳುವುದು, ಯಾವ ಪೀಲ್ ಹೆಚ್ಚು ಪರಿಣಾಮಕಾರಿ ಎಂದು. ಇದಕ್ಕೆ ಉತ್ತರ ಸುಲಭ: ಆಮ್ಲವು ಚರ್ಮದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆಯೋ ಸುಕ್ಕು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಆಳ ಹೆಚ್ಚಿದಂತೆ ಗಾಯವೂ ಹೆಚ್ಚುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಆ ಗಾಯ ಮಾಯುವಾಗ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಗಳನ್ನು ಬಿಟ್ಟುಹೋಗುವ ಸಾಧ್ಯತೆ ಬಿಳಿಯರಿಗಿಂತ ಬಹಳ ಹೆಚ್ಚು. ಆದ್ದರಿಂದ ನನ್ನ ಸುಕ್ಕು ಯಾವ ಬಗೆಯದು, ನನ್ನ ಚರ್ಮ ಎಷ್ಟು ಗಾಯವನ್ನು ಕಲೆಯಿಲ್ಲದೆ ತಾಳಿಕೊಳ್ಳುತ್ತದೆ, ಚಿಕಿತ್ಸೆಯ ನಂತರದ ವಾರಗಳಲ್ಲಿ ಬಿಸಿಲಿನಿಂದ ದೂರವಿರಲು ನನ್ನ ಕೆಲಸ ಬಿಡುವು ಕೊಡುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳಿಕೊಂಡ ಬಳಿಕವೇ ಪೀಲ್‌ಗಳ ಹೆಸರುಗಳನ್ನು ಹೋಲಿಸಿ ನೋಡುವುದು ಸರಿ. ಕಾಫಿ ತೋಟದ ಕೆಲಸವನ್ನು ನಂಬಿ ಬದುಕುವ ಜಿಲ್ಲೆಯಲ್ಲಿ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆಂದು ನಾನು ನಂಬಿದ್ದೇನೆ.

ಮೊದಲು ಸುಕ್ಕನ್ನು ಗುರುತಿಸಿಕೊಳ್ಳಿ

ಕನ್ನಡಿಯ ಮುಂದೆ ನಿಂತು ಮುಖವನ್ನು ಸಡಿಲವಾಗಿ ಬಿಟ್ಟು ನೋಡಿಕೊಳ್ಳಿ. ನಕ್ಕಾಗ ಅಥವಾ ಹುಬ್ಬು ಗಂಟಿಕ್ಕಿದಾಗ ಮಾತ್ರ ಮೂಡಿ, ಆಮೇಲೆ ಮಾಯವಾಗುವ ಗೆರೆಗಳು ಸ್ನಾಯುಗಳ ಚಲನೆಯಿಂದ ಉಂಟಾದವು. ಅವುಗಳ ಕಾರಣ ಚರ್ಮದ ಕೆಳಗಿರುವ ಸ್ನಾಯುವಿನಲ್ಲಿ ಇರುವುದರಿಂದ ಮೇಲೆ ಹಚ್ಚುವ ಯಾವ ಪೀಲ್ ಕೂಡ ಅವನ್ನು ನಿಲ್ಲಿಸುವುದಿಲ್ಲ. ಅಲ್ಲಿ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಹೆಚ್ಚು ಕೆಲಸ ಮಾಡುತ್ತದೆ. ಗಲ್ಲ ಜೋತು ಬಿದ್ದಿದ್ದರೆ, ಮೂಗಿನ ಪಕ್ಕದಿಂದ ಬಾಯಿಯ ಅಂಚಿನವರೆಗೆ ಆಳವಾದ ಮಡಿಕೆ ಬಿದ್ದಿದ್ದರೆ ಅದಕ್ಕೂ ಪೀಲ್ ಪರಿಹಾರವಲ್ಲ. ಮುಖ ಸುಮ್ಮನಿದ್ದಾಗಲೂ ಕಾಣುವ, ಕಣ್ಣಿನ ಅಂಚಿನಲ್ಲಿ, ಕೆನ್ನೆಯ ಮೇಲೆ, ಮೇಲ್ದುಟಿಯ ಸುತ್ತ ಹರಡಿಕೊಂಡಿರುವ ಸಣ್ಣ ಮತ್ತು ಮಧ್ಯಮ ಗೆರೆಗಳೇ ಪೀಲ್‌ನ ನಿಜವಾದ ಕ್ಷೇತ್ರ. ಇವುಗಳಲ್ಲಿ ಬಹುಪಾಲು ವರ್ಷಾನುಗಟ್ಟಲೆ ಬಿದ್ದ ಬಿಸಿಲಿನ ಫಲ. ಧೂಮಪಾನ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಸೂರ್ಯನ ನೇರಳಾತೀತ ಕಿರಣಗಳು ಒಳಚರ್ಮದ ಕೊಲಾಜೆನ್ ನಾರುಗಳನ್ನು ಒಡೆಯುತ್ತವೆ. ಪೀಲ್‌ನಲ್ಲಿ ಬಳಸುವ ಆಮ್ಲವು ಚರ್ಮದ ಮೇಲಿನ ಪದರಗಳನ್ನು ನಿಯಂತ್ರಿತವಾಗಿ ಗಾಯಗೊಳಿಸುತ್ತದೆ, ಆ ಗಾಯವನ್ನು ಮಾಯಿಸುವ ನೆಪದಲ್ಲಿ ದೇಹವು ಹೊಸ ಹೊರಚರ್ಮವನ್ನೂ ಸ್ವಲ್ಪ ಹೊಸ ಕೊಲಾಜೆನನ್ನೂ ಕಟ್ಟುತ್ತದೆ. ಚಿಕಿತ್ಸೆಯ ತತ್ತ್ವ ಇಷ್ಟೇ.

ಎರಡನೆಯದು ಮೈಬಣ್ಣ. ಬಿಸಿಲಿಗೆ ಚರ್ಮ ಸುಡುತ್ತದೆಯೋ ಕಪ್ಪಾಗುತ್ತದೆಯೋ ಎಂಬುದನ್ನು ಆಧರಿಸಿ ಅಮೆರಿಕದ ಚರ್ಮರೋಗ ತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ ವರ್ಗೀಕರಣವನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಅದರಲ್ಲಿ ಆರು ದರ್ಜೆಗಳಿವೆ: ಒಂದನೆಯದು ತೀರ ಬಿಳಿಯ ಚರ್ಮ, ಆರನೆಯದು ಕಡುಕಪ್ಪು. ಭಾರತೀಯರಲ್ಲಿ ಹೆಚ್ಚಿನವರು ನಾಲ್ಕು ಮತ್ತು ಐದನೆಯ ದರ್ಜೆಗೆ ಸೇರುತ್ತಾರೆ. ಕೊಡಗಿನಲ್ಲಿ ಕೆಲವರ ಮೈಬಣ್ಣ ಇದಕ್ಕಿಂತ ತಿಳಿಯಾಗಿರುವುದುಂಟು. ಆದರೆ ನೋಡಲು ಬೆಳ್ಳಗಿದ್ದೇನೆ ಎಂಬ ಕಾರಣಕ್ಕೆ ಯಾರೂ ತಮ್ಮ ದರ್ಜೆಯನ್ನು ತಾವೇ ತೀರ್ಮಾನಿಸಿಕೊಳ್ಳಬಾರದು. ಬಿಸಿಲಿಗೆ ಹೋದರೆ ಸುಡದೆ ಸುಲಭವಾಗಿ ಕಪ್ಪಾಗುವ ಚರ್ಮ, ಮೊಡವೆ ಅಥವಾ ಸಣ್ಣ ತರಚು ಗಾಯ ಮಾಸಿದ ಮೇಲೂ ಕಪ್ಪು ಗುರುತನ್ನು ಉಳಿಸಿಕೊಳ್ಳುವ ಚರ್ಮ, ಪೀಲ್‌ನ ನಂತರವೂ ಹಾಗೆಯೇ ವರ್ತಿಸುವ ಸಾಧ್ಯತೆ ಇದೆ. ಕೆನ್ನೆಯ ಮೇಲೆ ಬಂಗು ಇರುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು.

ಮೇಲ್ಪದರದ ಪೀಲ್‌ಗಳು

ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಹೊಂದುವುದು ಇವೇ ಆದ್ದರಿಂದ ಇವುಗಳನ್ನು ವಿವರವಾಗಿ ನೋಡೋಣ. ಇವು ಹೊರಚರ್ಮದೊಳಗೇ ಕೆಲಸ ಮಾಡುತ್ತವೆ. ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ನಾಲ್ಕರಿಂದ ಆರು ಬಾರಿ ಮಾಡಿಸಬೇಕಾಗುತ್ತದೆ. ಪ್ರತಿ ಬಾರಿಯೂ ಕೆಲವು ದಿನ ಮುಖ ಕೆಂಪಗಾಗಿ, ತೆಳುವಾದ ಸಿಪ್ಪೆ ಏಳುತ್ತದೆ. ನವಿರಾದ ಗೆರೆಗಳು ಮೃದುವಾಗುತ್ತವೆ, ಒರಟು ಹೋಗುತ್ತದೆ, ಬಣ್ಣ ಸಮವಾಗುತ್ತದೆ. ಆಳವಾದ ಸುಕ್ಕು ಅಳಿಸಿಹೋಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅದನ್ನು ನಂಬಬೇಡಿ.

ಕಬ್ಬಿನಲ್ಲಿ ಸಹಜವಾಗಿ ದೊರೆಯುವ ಗ್ಲೈಕಾಲಿಕ್ ಆಮ್ಲ ಈ ಗುಂಪಿನಲ್ಲಿ ಹೆಚ್ಚು ಪ್ರಸಿದ್ಧವಾದದ್ದು. ಇದರ ಅಣು ಬಹಳ ಚಿಕ್ಕದು, ಅಣುತೂಕ 76 ಮಾತ್ರ. ಆದ್ದರಿಂದ ಇದು ಚರ್ಮದೊಳಗೆ ಬೇಗ ಇಳಿಯುತ್ತದೆ. ವೈದ್ಯರು ಶೇ 20ರಿಂದ 70ರವರೆಗಿನ ಪ್ರಮಾಣದಲ್ಲಿ ಬಳಸುತ್ತಾರೆ ಮತ್ತು ಗಡಿಯಾರ ನೋಡಿಕೊಂಡು, ಕೆಲವೇ ನಿಮಿಷಗಳಲ್ಲಿ ಸೋಡಿಯಂ ಬೈಕಾರ್ಬೋನೇಟ್ ದ್ರಾವಣದಿಂದ ಅದರ ಕೆಲಸವನ್ನು ನಿಲ್ಲಿಸುತ್ತಾರೆ. ನಿಲ್ಲಿಸುವುದು ತಡವಾದರೆ ಮೇಲ್ಪದರದ ಪೀಲ್ ಎಂದುಕೊಂಡದ್ದು ಮಧ್ಯಮ ಆಳಕ್ಕೆ ಇಳಿದುಬಿಡುತ್ತದೆ. ಸುಕ್ಕಿನ ಮೇಲಿನ ಪರಿಣಾಮವನ್ನೇ ಲೆಕ್ಕ ಹಾಕಿದರೆ ಈ ಗುಂಪಿನಲ್ಲಿ ನಾನು ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ಆದರೆ ಕಡಿಮೆ ಪ್ರಮಾಣದಿಂದ ಆರಂಭಿಸಿ, ಚರ್ಮದ ಪ್ರತಿಕ್ರಿಯೆಯನ್ನು ನೋಡಿ ಬಾರಿಯಿಂದ ಬಾರಿಗೆ ಏರಿಸುವ ವೈದ್ಯರ ಬಳಿ ಮಾತ್ರ.

ಮ್ಯಾಂಡೆಲಿಕ್ ಆಮ್ಲವನ್ನು ಮೊದಲಿಗೆ ಕಹಿ ಬಾದಾಮಿಯಿಂದ ಪಡೆದರು. ಅದರ ಅಣು ಗ್ಲೈಕಾಲಿಕ್‌ಗಿಂತ ಎರಡರಷ್ಟು ದೊಡ್ಡದಾದ್ದರಿಂದ ಚರ್ಮದೊಳಗೆ ನಿಧಾನವಾಗಿ, ಸಮವಾಗಿ ಇಳಿಯುತ್ತದೆ, ಉರಿಯೂ ಕಡಿಮೆ. ಹುಳಿ ಹಾಲಿನಲ್ಲಿರುವ ಲ್ಯಾಕ್ಟಿಕ್ ಆಮ್ಲವೂ ಸೌಮ್ಯವಾದದ್ದೇ, ಮತ್ತು ತೇವವನ್ನು ಹಿಡಿದಿಡುವ ಗುಣ ಅದಕ್ಕಿದೆ. ಕಪ್ಪು ಕಲೆಯ ಭಯ ಹೆಚ್ಚಿರುವವರು, ಬಂಗು ಇರುವವರು, ಬೇಗ ಕೆರಳುವ ಚರ್ಮದವರು ಇವೆರಡರಿಂದ ಆರಂಭಿಸುವುದು ಒಳ್ಳೆಯದು. ಫಲ ನಿಧಾನವಾಗಿ ಕಂಡರೂ ಕೆಡುವ ಅಪಾಯ ಕಡಿಮೆ.

ಸ್ಯಾಲಿಸಿಲಿಕ್ ಆಮ್ಲದ ಪೀಲ್ ಎಲ್ಲೆಡೆ ದೊರೆಯುತ್ತದೆಯಾದರೂ ಅದು ಎಣ್ಣೆಯಲ್ಲಿ ಕರಗುವ ಗುಣದಿಂದಾಗಿ ಮೊಡವೆಗೆ ಹೆಚ್ಚು ಸೂಕ್ತ. ಸುಕ್ಕಿಗೆಂದೇ ಹೋದವರಿಗೆ ಅದನ್ನು ಸೂಚಿಸಿದರೆ ಕಾರಣ ಕೇಳುವುದು ತಪ್ಪಲ್ಲ. ರೆಟಿನಾಯ್ಕ್ ಆಮ್ಲದ ಹಳದಿ ಬಣ್ಣದ ಪೀಲ್ ಇನ್ನೊಂದು ಬಗೆ: ಅದನ್ನು ಮುಖಕ್ಕೆ ಹಚ್ಚಿ ಮನೆಗೆ ಕಳುಹಿಸುತ್ತಾರೆ, ಕೆಲವು ಗಂಟೆಗಳ ಬಳಿಕ ತೊಳೆದುಕೊಳ್ಳಬೇಕು. ಹಚ್ಚುವಾಗ ಉರಿ ಹೆಚ್ಚಿರುವುದಿಲ್ಲ. ಸಿಪ್ಪೆ ಏಳುವುದು ಮುಂದಿನ ದಿನಗಳಲ್ಲಿ. ಗರ್ಭಿಣಿಯರಿಗೆ ಇದು ಸಲ್ಲದು. ರೆಸಾರ್ಸಿನಾಲ್, ಸ್ಯಾಲಿಸಿಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳನ್ನು ತಲಾ ಶೇ 14ರಷ್ಟು ಆಲ್ಕೋಹಾಲ್‌ನಲ್ಲಿ ಬೆರೆಸಿದ ಜೆಸ್ನರ್ ದ್ರಾವಣವನ್ನು ಒಂದೆರಡು ಲೇಪ ಹಚ್ಚಿದರೆ ಅದು ಮೇಲ್ಪದರದ ಪೀಲ್. ಲೇಪಗಳು ಹೆಚ್ಚಿದಂತೆ ಆಳವೂ ಹೆಚ್ಚುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬಾಟಲಿಯ ಮೇಲೆ ಬರೆದ ಶೇಕಡಾವಾರು ಒಂದೇ ಪೀಲ್‌ನ ಬಲವನ್ನು ತಿಳಿಸುವುದಿಲ್ಲ. ದ್ರಾವಣದ ಪಿಎಚ್ ಎಷ್ಟು, ಎಷ್ಟು ಹೊತ್ತು ಬಿಟ್ಟರು, ಎಷ್ಟು ಲೇಪ ಹಚ್ಚಿದರು, ಅದಕ್ಕೆ ಮೊದಲು ಚರ್ಮದ ಜಿಡ್ಡನ್ನು ಎಷ್ಟು ತೆಗೆದರು ಎಂಬುದೆಲ್ಲ ಸೇರಿ ಆಳವನ್ನು ನಿರ್ಧರಿಸುತ್ತವೆ. ಆದ್ದರಿಂದಲೇ ಶೇ 30ರ ಆಮ್ಲವನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡು ಮನೆಯಲ್ಲೇ ಹಚ್ಚಿಕೊಳ್ಳುವುದು ಅಪಾಯಕರ. ಹೀಗೆ ಮಾರಾಟವಾಗುವ ಬಲವಾದ ಪೀಲ್‌ಗಳನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಬಹಿರಂಗ ಎಚ್ಚರಿಕೆ ಕೊಟ್ಟಿದೆ. ನಿಂಬೆರಸ, ಕಾಚಂಪುಳಿಗಳೂ ಆಮ್ಲಗಳೇ ತಾನೆ ಎಂದು ಅಡುಗೆಮನೆಯಿಂದ ಮುಖಕ್ಕೆ ತಂದುಕೊಳ್ಳುವುದೂ ಬೇಡ. ನಿಂಬೆರಸ ತಾಗಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಸುಟ್ಟಂತಾಗಿ ಬೊಬ್ಬೆ ಏಳಬಹುದು, ಅದರ ಕಪ್ಪು ಗುರುತು ಬಹುಕಾಲ ಉಳಿಯುತ್ತದೆ. ಕಾಚಂಪುಳಿ ಹಂದಿ ಕರಿಗೆ ಮೀಸಲಾಗಿರಲಿ.

ಮಧ್ಯಮ ಆಳದ ಪೀಲ್

ಇಲ್ಲಿ ಮುಖ್ಯವಾದದ್ದು ಟ್ರೈಕ್ಲೋರೋ ಅಸಿಟಿಕ್ ಆಮ್ಲ, ಅಂದರೆ ಟಿಸಿಎ. ಶೇ 10ರಿಂದ 25ರವರೆಗೆ ಇದು ಮೇಲ್ಪದರಕ್ಕೆ ಸೀಮಿತ; ಶೇ 35ರಲ್ಲಿ ಒಳಚರ್ಮದ ಮೇಲ್ಭಾಗವನ್ನು ತಲುಪುತ್ತದೆ; ಶೇ 50ರಷ್ಟಾದರೆ ಗಾಯದ ಗುರುತು ಶಾಶ್ವತವಾಗಿ ಉಳಿಯುವ ಅಪಾಯವಿರುವುದರಿಂದ ಇಡೀ ಮುಖಕ್ಕೆ ಅದನ್ನು ಬಳಸುವುದಿಲ್ಲ. ಮೊದಲು ಜೆಸ್ನರ್ ದ್ರಾವಣವನ್ನೋ ಶೇ 70ರ ಗ್ಲೈಕಾಲಿಕ್ ಆಮ್ಲವನ್ನೋ ಹಚ್ಚಿ, ಆಮೇಲೆ ಶೇ 35ರ ಟಿಸಿಎ ಹಚ್ಚುವ ಪದ್ಧತಿಗಳು ರೂಢಿಯಲ್ಲಿವೆ. ಹೀಗೆ ಮಾಡಿದರೆ ಟಿಸಿಎಯ ಪ್ರಮಾಣವನ್ನು ಏರಿಸದೆಯೇ ಅದನ್ನು ಸಮವಾಗಿ ಇಳಿಸಬಹುದು.

ಟಿಸಿಎ ಹಚ್ಚಿದಾಗ ಚರ್ಮದ ಪ್ರೋಟೀನ್ ಹೆಪ್ಪುಗಟ್ಟಿ ಮುಖ ಬೆಳ್ಳಗಾಗುತ್ತದೆ. ಆ ಬಿಳುಪಿನ ದಟ್ಟತೆಯನ್ನು ನೋಡಿಯೇ ವೈದ್ಯರು ಆಳವನ್ನು ಅಂದಾಜು ಮಾಡುತ್ತಾರೆ: ಅಲ್ಲಲ್ಲಿ ಮಾತ್ರ ಬಿಳುಪಿದ್ದರೆ ಮೇಲ್ಪದರ, ಬಿಳುಪಿನ ಹಿಂದಿನಿಂದ ಕೆಂಪು ಕಾಣುತ್ತಿದ್ದರೆ ಅದಕ್ಕಿಂತ ಆಳ, ಗಟ್ಟಿಯಾದ ಬಿಳುಪು ಕಂಡರೆ ಇನ್ನೂ ಆಳ. ಗ್ಲೈಕಾಲಿಕ್‌ನಂತೆ ಇದನ್ನು ನಡುವೆ ನಿಲ್ಲಿಸಲು ಬರುವುದಿಲ್ಲ. ಹಚ್ಚಿದ್ದು ತನ್ನ ಕೆಲಸ ಮುಗಿಸಿಯೇ ತೀರುತ್ತದೆ. ಹಾಗಾಗಿ ಇದು ಪೂರ್ತಿಯಾಗಿ ಹಚ್ಚುವವರ ಅನುಭವವನ್ನು ಅವಲಂಬಿಸಿದ ಚಿಕಿತ್ಸೆ, ಬ್ಯೂಟಿ ಪಾರ್ಲರಿನಲ್ಲಿ ಮಾಡಿಸಿಕೊಳ್ಳಬಾರದ ಚಿಕಿತ್ಸೆ.

ಫಲದ ವಿಷಯದಲ್ಲಿ ಇದು ಮೇಲ್ಪದರದ ಪೀಲ್‌ಗಳಿಗಿಂತ ಸ್ಪಷ್ಟವಾಗಿ ಮುಂದಿದೆ. ಒಂದೇ ಬಾರಿಯಲ್ಲಿ ಮಧ್ಯಮ ಸುಕ್ಕುಗಳು ಗಮನಕ್ಕೆ ಬರುವಷ್ಟು ತಗ್ಗುತ್ತವೆ. ಪ್ರತಿಯಾಗಿ ಮುಖ ಊದಿಕೊಳ್ಳುತ್ತದೆ, ಮೂರ್ನಾಲ್ಕು ದಿನಗಳಲ್ಲಿ ಚರ್ಮ ಕಂದಾಗಿ ಬಿರಿದು ಹಾಳೆಯಂತೆ ಏಳುತ್ತದೆ, ಮಾಯಲು ಏಳರಿಂದ ಹತ್ತು ದಿನ ಬೇಕು, ಕೆಂಪು ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ನಾಲ್ಕನೆಯ ದರ್ಜೆಯ ಚರ್ಮದವರಿಗೆ ಅನುಭವಿ ವೈದ್ಯರು ಪೂರ್ವಸಿದ್ಧತೆಯೊಂದಿಗೆ ಇದನ್ನು ಮಾಡುವುದುಂಟು. ಐದನೆಯ ದರ್ಜೆಯವರು, ಅದರಲ್ಲೂ ಬಿಸಿಲಿನಲ್ಲೇ ದುಡಿಯುವವರು, ಮೇಲ್ಪದರದ ಪೀಲ್‌ಗಳ ಸರಣಿಯನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಸುಕ್ಕು ಸ್ವಲ್ಪ ಉಳಿದ ಮುಖವು ಕಪ್ಪು ತೇಪೆಗಳು ಮೂಡಿದ ಮುಖಕ್ಕಿಂತ ಸಾವಿರ ಪಾಲು ವಾಸಿ.

ಆಳವಾದ ಪೀಲ್ ಎಂದರೆ ಫೀನಾಲ್ ಮತ್ತು ಕ್ರೋಟನ್ ಎಣ್ಣೆಯ ಮಿಶ್ರಣ. ಆಳವಾದ ಸುಕ್ಕಿಗೆ ಇದರಷ್ಟು ಬಲವಾದ ಪೀಲ್ ಬೇರೆ ಇಲ್ಲವೆಂಬುದು ನಿಜ. ಆದರೆ ಫೀನಾಲ್ ಚರ್ಮದ ಮೂಲಕ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲದು. ಆದ್ದರಿಂದ ಇಸಿಜಿ ನೋಡಿಕೊಳ್ಳುತ್ತಾ, ಮುಖವನ್ನು ಭಾಗಗಳಾಗಿ ವಿಂಗಡಿಸಿ, ನಡುನಡುವೆ ಬಿಡುವು ಕೊಟ್ಟು ಹಚ್ಚಬೇಕಾಗುತ್ತದೆ. ಯಕೃತ್ತು, ಮೂತ್ರಪಿಂಡ, ಹೃದಯದ ತೊಂದರೆ ಇರುವವರಿಗೆ ಸಲ್ಲದು. ಜೊತೆಗೆ ಇದು ಮೆಲನಿನ್ ತಯಾರಿಸುವ ಕೋಶಗಳಿಗೆ ಹಾನಿ ಮಾಡಿ ಚರ್ಮವನ್ನು ಶಾಶ್ವತವಾಗಿ ಬಿಳುಚಿಸಬಲ್ಲದು. ಇಡೀ ಮುಖಕ್ಕೆ ಇದನ್ನು ಹಚ್ಚುವುದು ತೀರ ಬಿಳಿಯ ಚರ್ಮದವರಿಗೆ ಮೀಸಲಾದ ವಿಧಾನ. ನಮ್ಮ ಮೈಬಣ್ಣಕ್ಕೆ ಇದು ಆಯ್ಕೆಯೇ ಅಲ್ಲವೆಂದು ಇಟ್ಟುಕೊಳ್ಳಬಹುದು.

ಕೊಡಗಿನ ಋತು, ಕೆಲಸ ಮತ್ತು ರಸ್ತೆ

ಮಂಜು ಕವಿದ ಊರಿನಲ್ಲಿ ಬಿಸಿಲಿನ ಚಿಂತೆ ಏಕೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ತಪ್ಪು. ತೆಳುವಾದ ಮೋಡದ ಮೂಲಕ ನೇರಳಾತೀತ ಕಿರಣಗಳ ಬಹುಪಾಲು ದಾಟಿ ಬರುತ್ತದೆ, ಮತ್ತು ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಅವುಗಳ ತೀವ್ರತೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಮಡಿಕೇರಿ ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿದೆ. ಚಳಿಗೆ ಹಿತವೆನಿಸುವ ಡಿಸೆಂಬರಿನ ಎಳೆಬಿಸಿಲಿನಲ್ಲಿ ಕುಳಿತುಕೊಳ್ಳುವುದು ಕೂಡ ಪೀಲ್ ಆದ ಮುಖಕ್ಕೆ ಹಾನಿಕರವೇ.

ಹಾಗಾದರೆ ಯಾವ ತಿಂಗಳು? ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ಮಾರ್ಚಿನವರೆಗೂ ರೋಬಸ್ಟಾ ಕೊಯ್ಲು, ನಡುವೆ ಕರಿಮೆಣಸು. ಈ ಅವಧಿಯಲ್ಲಿ ತೋಟದವರು ಬೆಳಗಿನಿಂದ ಸಂಜೆಯವರೆಗೆ ಹೊರಗಿರುತ್ತಾರೆ. ಕಾಫಿ ಒಣಗಿಸುವ ಕಣದಲ್ಲಂತೂ ನೆರಳಿರುವುದಿಲ್ಲ, ಸಿಮೆಂಟಿನ ನೆಲದಿಂದ ಬೆಳಕು ಮುಖಕ್ಕೆ ಮರಳಿ ಹೊಡೆಯುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಿಸಿಲೂ ಮದುವೆಗಳೂ ಒಟ್ಟಿಗೇ ಬರುತ್ತವೆ. ಉಳಿಯುವುದು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲ. ದಟ್ಟ ಮೋಡ, ತೋಟದಲ್ಲಿ ಕಡಿಮೆ ಕೆಲಸ, ಮನೆಯೊಳಗೇ ಕಳೆಯುವ ದಿನಗಳು: ಮೇಲ್ಪದರದ ಪೀಲ್‌ಗಳ ಸರಣಿಗೆ ಕೊಡಗಿನವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಜೂನ್‌ನಲ್ಲಿ ಆರಂಭಿಸಿ ಮೂರು ವಾರಗಳ ಅಂತರದಲ್ಲಿ ಮಾಡಿಸುತ್ತ ಹೋದರೆ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ನಾಲ್ಕೈದು ಬಾರಿ ಮುಗಿದಿರುತ್ತದೆ, ಕೊಯ್ಲು ಶುರುವಾಗುವ ಮೊದಲು ಚರ್ಮಕ್ಕೆ ಸುಧಾರಿಸಿಕೊಳ್ಳಲು ಎರಡು ತಿಂಗಳು ಸಿಗುತ್ತದೆ.

ಇದಕ್ಕೆ ಅಡ್ಡಿಯಾಗಬಲ್ಲದ್ದು ರಸ್ತೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಬಂದ್ ಆದದ್ದನ್ನು ನಾವು ಯಾರೂ ಮರೆತಿಲ್ಲ. ಮಧ್ಯಮ ಆಳದ ಪೀಲ್ ಮಾಡಿಸಿದವರನ್ನು ವೈದ್ಯರು ಮೊದಲ ವಾರದಲ್ಲೇ ಮತ್ತೆ ನೋಡಬೇಕಾಗುತ್ತದೆ; ಸೋಂಕು ಕಾಣಿಸಿಕೊಂಡರೆ ಒಂದು ದಿನದ ವಿಳಂಬವೂ ದುಬಾರಿಯಾಗಬಹುದು. ಹಾಗಾಗಿ ಮಧ್ಯಮ ಪೀಲ್ ಮಾಡಿಸುವುದೇ ಆದರೆ, ಮಳೆಗಾಲದಲ್ಲಿ ಘಾಟಿ ಇಳಿಯದೆ ತಲುಪಬಹುದಾದ ಕಡೆ, ಕುಶಾಲನಗರದ ದಾರಿಯಾಗಿ ಮೈಸೂರಿನ ಕಡೆ, ವೈದ್ಯರನ್ನು ಹುಡುಕಿಕೊಳ್ಳುವುದು ವಿವೇಕ. ಇಲ್ಲವಾದರೆ ಪೀಲ್ ಆದ ಒಂದು ವಾರ ಆ ಊರಿನಲ್ಲೇ ಬಂಧುಗಳ ಮನೆಯಲ್ಲಿ ಉಳಿಯಬಹುದು. ಚರ್ಮರೋಗ ತಜ್ಞರು ಜಿಲ್ಲೆಯೊಳಗೇ ಸಿಕ್ಕಿದರೆ ಮೇಲ್ಪದರದ ಪೀಲ್‌ಗೆ ದೂರ ಹೋಗುವ ಅಗತ್ಯವೇ ಇಲ್ಲ. ಖರ್ಚನ್ನು ಹೋಲಿಸುವಾಗ ಒಂದು ಬಾರಿಯ ದರವನ್ನಷ್ಟೇ ನೋಡದೆ, ಒಟ್ಟು ಎಷ್ಟು ಬಾರಿ, ಮೊದಲು ಮತ್ತು ನಂತರ ಹಚ್ಚುವ ಕ್ರೀಮುಗಳು, ಪ್ರಯಾಣ, ಕೆಲಸ ತಪ್ಪುವ ದಿನಗಳು ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿ. ಸೌಂದರ್ಯ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಮದುವೆಗೆಂದು ಮಾಡಿಸುವವರು ಮೇಲ್ಪದರದ ಪೀಲ್‌ನ ಕೊನೆಯ ಬಾರಿಗೂ ಮದುವೆಯ ದಿನಕ್ಕೂ ಕನಿಷ್ಠ ಎರಡು ವಾರ, ಮಧ್ಯಮ ಪೀಲ್‌ಗಾದರೆ ಮೂರು ತಿಂಗಳಾದರೂ ಅಂತರವಿಟ್ಟುಕೊಳ್ಳಲಿ. ಕಪ್ಪು ಕಲೆ ಮೂಡುವುದಾದರೆ ಅದು ಸಿಪ್ಪೆ ಎದ್ದು ಹೋದ ಕೆಲವು ವಾರಗಳ ಮೇಲೆಯೇ ಕಾಣಿಸಿಕೊಳ್ಳುತ್ತದೆ.

ಪೀಲ್ ಬೇಡವೆನಿಸಿದರೆ

ಕಣದಲ್ಲಿ, ತೋಟದಲ್ಲಿ ದುಡಿಯುವುದನ್ನು ಬಿಡಲಾಗದವರಿಗೆ ನಾನು ಮೊದಲು ಸೂಚಿಸುವುದು ಪೀಲ್ ಅಲ್ಲ, ರಾತ್ರಿ ಹಚ್ಚುವ ಟ್ರೆಟಿನಾಯಿನ್ ಕ್ರೀಮ್ ಮತ್ತು ಹಗಲಿನ ಸನ್‌ಸ್ಕ್ರೀನ್. ಬಿಸಿಲಿನಿಂದಾದ ಸಣ್ಣ ಸುಕ್ಕುಗಳನ್ನು ಟ್ರೆಟಿನಾಯಿನ್ ತಗ್ಗಿಸುತ್ತದೆ ಎಂಬುದು 1980ರ ದಶಕದಿಂದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಶೇ 0.025ರಿಂದ ಆರಂಭಿಸಿ ತಿಂಗಳುಗಟ್ಟಲೆ ತಾಳ್ಮೆಯಿಂದ ಹಚ್ಚಬೇಕು. ಮೊದಲಿಗೆ ಚರ್ಮ ಒಣಗಿ ಉರಿಯುತ್ತದೆ, ಗರ್ಭಿಣಿಯರು ಬಳಸಬಾರದು. ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಧ್ಯಮ ಪೀಲ್‌ಗೆ ಸರಿಸಾಟಿಯಾಗಬಲ್ಲದಾದರೂ ದುಬಾರಿ, ಮತ್ತು ಕಂದು ಚರ್ಮದಲ್ಲಿ ಕಲೆಯ ಅಪಾಯ ಅಲ್ಲಿಯೂ ಇದೆ. ಸಣ್ಣ ಸೂಜಿಗಳ ಮೈಕ್ರೋನೀಡ್ಲಿಂಗ್‌ನಲ್ಲಿ ಆ ಅಪಾಯ ಕಡಿಮೆ.

ಮಾಡಿಸುವ ಮೊದಲು, ಮಾಡಿಸಿದ ಮೇಲೆ

ಪೀಲ್‌ಗೆ ಎರಡರಿಂದ ನಾಲ್ಕು ವಾರ ಮೊದಲೇ ಚರ್ಮವನ್ನು ಸಿದ್ಧಪಡಿಸಬೇಕು. ಸನ್‌ಸ್ಕ್ರೀನ್, ಟ್ರೆಟಿನಾಯಿನ್, ಕಲೆಯ ಭಯವಿದ್ದರೆ ಹೈಡ್ರೋಕ್ವಿನೋನ್, ಇವನ್ನು ವೈದ್ಯರು ಬರೆದುಕೊಡುತ್ತಾರೆ ಮತ್ತು ಪೀಲ್‌ಗೆ ಕೆಲವು ದಿನ ಮೊದಲು ಟ್ರೆಟಿನಾಯಿನ್ ನಿಲ್ಲಿಸಲು ಹೇಳುತ್ತಾರೆ. ಈ ಸಿದ್ಧತೆಯ ಮಾತೇ ಎತ್ತದೆ, ಹೋದ ದಿನವೇ ಪೀಲ್ ಮಾಡುತ್ತೇನೆ ಎನ್ನುವ ಕಡೆಯಿಂದ ಎದ್ದು ಬನ್ನಿ. ಮಾಡುವವರು ಎಂಬಿಬಿಎಸ್ ನಂತರ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಪಡೆದವರೇ, ನಮ್ಮಂಥ ಮೈಬಣ್ಣದವರಿಗೆ ಈ ಪೀಲನ್ನು ಮಾಡಿದ ಅನುಭವ ಅವರಿಗಿದೆಯೇ ಎಂದು ನೇರವಾಗಿ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಪರೀಕ್ಷಿಸಲು ಕೇಳಿಕೊಳ್ಳುವುದೂ ಒಳ್ಳೆಯದು.

ವೈದ್ಯರಿಂದ ಏನನ್ನೂ ಮುಚ್ಚಿಡಬೇಡಿ. ತುಟಿಯ ಮೇಲೆ ಆಗಾಗ ನೀರ್ಗುಳ್ಳೆ ಏಳುವ ಹರ್ಪಿಸ್ ಇದ್ದರೆ ಪೀಲ್ ಅದನ್ನು ಕೆರಳಿಸಿ ಮುಖದ ತುಂಬ ಹರಡಬಹುದು, ಮೊದಲೇ ಅಸೈಕ್ಲೋವಿರ್ ಗುಳಿಗೆ ಬೇಕಾಗುತ್ತದೆ. ಗಾಯ ಮಾಯುವಾಗ ಉಬ್ಬುವ ಕೆಲಾಯ್ಡ್, ಗರ್ಭ, ಎದೆಹಾಲೂಡಿಕೆ, ಮೊಡವೆಗೆಂದು ನುಂಗಿದ ಐಸೊಟ್ರೆಟಿನಾಯಿನ್, ಎಲ್ಲವನ್ನೂ ತಿಳಿಸಬೇಕು. ಇವೆಲ್ಲಕ್ಕಿಂತ ಹೆಚ್ಚು ಬಚ್ಚಿಡಲ್ಪಡುವುದು ಮುಖ ಬೆಳ್ಳಗಾಗಲೆಂದು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದು ಹಚ್ಚಿಕೊಂಡ ಸ್ಟೆರಾಯ್ಡ್ ಬೆರೆತ ಕ್ರೀಮ್. ಅದು ಚರ್ಮವನ್ನು ತೆಳುವಾಗಿಸಿರುತ್ತದೆ. ಅಂಥ ಚರ್ಮದ ಮೇಲೆ ಸೌಮ್ಯವಾದ ಪೀಲ್ ಕೂಡ ಆಳಕ್ಕಿಳಿದು ಸುಡಬಹುದು. ನಾಚಿಕೆಪಡದೆ ಆ ಟ್ಯೂಬನ್ನು ಜೊತೆಗೇ ಒಯ್ದು ತೋರಿಸಿ.

ಪೀಲ್ ಆದ ಮೇಲೆ ಮುಖವನ್ನು ತಣ್ಣೀರಿನಲ್ಲಿ ಮೃದುವಾಗಿ ತೊಳೆದು, ವೈದ್ಯರು ಹೇಳಿದ ಮುಲಾಮನ್ನಷ್ಟೇ ಹಚ್ಚಬೇಕು. ಏಳುತ್ತಿರುವ ಸಿಪ್ಪೆಯನ್ನು ಉಗುರಿನಿಂದ ಕೀಳಬಾರದು. ಕಿತ್ತ ಜಾಗದಲ್ಲೇ ಕಪ್ಪು ಕಲೆ ಉಳಿಯುವುದು ಹೆಚ್ಚು. ಸೌದೆ ಒಲೆಯ ಮುಂದೆ ಕುಳಿತುಕೊಳ್ಳುವುದನ್ನು, ಆವಿ ಹಿಡಿಯುವುದನ್ನು, ಬೆವರುವ ಕೆಲಸವನ್ನು ಸಿಪ್ಪೆ ನಿಲ್ಲುವವರೆಗೆ ಮುಂದೂಡಿ. ಚರ್ಮ ಮುಚ್ಚಿಕೊಂಡ ಬಳಿಕ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಎರಡು ಬೆರಳಿನುದ್ದ ತೆಗೆದುಕೊಂಡು ಮುಖ, ಕತ್ತಿಗೆ ಹಚ್ಚಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಅಗಲ ಅಂಚಿನ ಟೋಪಿಯನ್ನೂ ಹಾಕಿಕೊಳ್ಳಿ. ನೋವು ದಿನದಿಂದ ದಿನಕ್ಕೆ ಹೆಚ್ಚಿದರೆ, ಕೀವು ಅಥವಾ ಗುಂಪು ಗುಂಪಾದ ನೀರ್ಗುಳ್ಳೆ ಕಂಡರೆ, ಜ್ವರ ಬಂದರೆ, ಯಾವುದಾದರೊಂದು ಜಾಗದ ಕೆಂಪು ಮಾಸದೆ ಗಟ್ಟಿಯಾಗತೊಡಗಿದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ, ಮುಖದ ಫೋಟೊ ಕಳುಹಿಸಿ. ಕಪ್ಪು ನೆರಳು ಮೂಡಲು ಶುರುವಾದರೆ ಉಳಿದ ಬಾರಿಗಳನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಅದಕ್ಕೆ ಚಿಕಿತ್ಸೆ ಪಡೆಯಬೇಕು. ಹಣ ಮುಂಗಡ ಕೊಟ್ಟಾಗಿದೆ ಎಂಬ ಕಾರಣಕ್ಕೆ ಮುಂದಿನ ಪೀಲ್ ಮಾಡಿಸಿಕೊಳ್ಳಬೇಡಿ.